ಬಾಗಿಲಾಚೆ ಚಿಕ್ಕಮ್ಮ

ಏಪ್ರಿಲ್ 11

ಅಮ್ಮಾ,

ಗಾಬರಿಯಾಗಬೇಡ. ಈ ಕಾಗದವನ್ನು ಮನೆಗೆ ಹಾಕಿಲ್ಲ, ನಿನ್ನ ಹೊಲಿಗೆ ಕಾರ್ಖಾನೆಯ ವಿಳಾಸಕ್ಕೆ ಹಾಕಿದ್ದೇನೆ. ಮನೆಗೆ ಹಾಕಿದರೆ ಮನೆಯೊಡತಿ ಗೋಂದಮ್ಮ ಮೊದಲು ತಾವು ಓದಿ ಮುಗಿಸಿ, ಆಮೇಲೆ 'ಗೋಂದು ಬಿಟ್ಟುಕೊಂಡಿತ್ತು ನೋಡು' ಎನ್ನುತ್ತ ನಿನ್ನ ಕೈಗೆ ಕೊಡುತ್ತಾರೆ. ಅವರು ಓದುತ್ತಾರೆಂದೇ ಮೂರು ವರ್ಷದಿಂದ 'ಪ್ರೀತಿಯ ಚಿಕ್ಕಮ್ಮನವರಿಗೆ' ಎಂದು ಬರೆದು ಬರೆದು ನನಗೆ ಸಾಕಾಗಿದೆ. ಬಾಗಿಲ ಒಳಗೆ ಅಮ್ಮ, ಬಾಗಿಲಾಚೆ ಚಿಕ್ಕಮ್ಮ. ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು ಬರುವುದಕ್ಕೂ ಮೊದಲೇ ನೀನು ನನಗೆ ಈ ಪಾಠ ಕಲಿಸಿದ್ದೆ. ಗೋಡೆಗಳು ತೆಳುವೆಂದು ಆಮೇಲೆ ಬಾಗಿಲ ಒಳಗಿನ ಅಮ್ಮನೂ ಪಿಸುಮಾತಾದಳು.

ಮೊದಲು ಸಿಹಿ ಸುದ್ದಿ. ನನ್ನನ್ನು ಅಚ್ಚು ಹೊಯ್ಯುವ ಹಿಂದಿನ ಕೋಣೆಯಿಂದ ಮುಂದಿನ ಬಣ್ಣದ ಕೋಣೆಗೆ ಹಾಕಿದ್ದಾರೆ. ಕೈಬೆರಳು ಕಳೆದುಕೊಂಡವರು ಬಂದು ಕೂರುವುದು ಇಲ್ಲೇ. ಅವರ ಉಳಿದ ಕೈಯನ್ನು ಉತ್ತರದ ಕಿಟಕಿಯ ಬೆಳಕಿನಲ್ಲಿ ಇಟ್ಟು ನೋಡಿ, ಅದೇ ಬಣ್ಣದ ಸಿಲಿಕೋನ್ ಬೆರಳು ಮಾಡಿಕೊಡಬೇಕು. ಅದಕ್ಕೆಂದು ತಂತಿಯ ಬಳೆಯೊಂದರಲ್ಲಿ ಹದಿನಾರು ಬಿಲ್ಲೆಗಳನ್ನು ಪೋಣಿಸಿಟ್ಟಿದ್ದಾರೆ. ಒಂದನೆಯ ನಂಬರು ತೀರ ಬಿಳಿ, ಹದಿನಾರು ತೀರ ಕಪ್ಪು. ಈ ಕೋಣೆಗೆ ಹೊಸದಾಗಿ ಬಂದವರು ಮೊದಲು ತಮ್ಮದೇ ಕೈಯ ಬಣ್ಣ ಹೊಂದಿಸಿ ತೋರಿಸಬೇಕು, ಅದು ಯಜಮಾನರ ಕಟ್ಟಳೆ. ನನ್ನ ಕೈ ಹನ್ನೊಂದಕ್ಕೂ ಸೇರಲಿಲ್ಲ, ಹನ್ನೆರಡಕ್ಕೂ ಸೇರಲಿಲ್ಲ. ಕೊನೆಗೆ ನಾನೇ ಬಣ್ಣ ಕಲಸಿ ಒಂದು ಹೊಸ ಬಿಲ್ಲೆ ಮಾಡಿದೆ. ಯಜಮಾನರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಬಳೆಗೆ ಸೇರಿಸಿದರು. ಅಂದಿನಿಂದ ಇಲ್ಲಿ ಎಲ್ಲರ ಬಾಯಲ್ಲೂ ನಾನು 'ಹನ್ನೊಂದೂವರೆ'. ನನಗೇನೂ ಬೇಸರವಿಲ್ಲ. ಶಾಲೆಯಲ್ಲಿ ಇಟ್ಟಿದ್ದ ಹೆಸರುಗಳ ಮುಂದೆ ಇದು ಬಿರುದು.

ಮೊನ್ನೆ ನಿವೃತ್ತ ಟೀಚರ್ ಒಬ್ಬರು ಬಂದಿದ್ದರು. ಕಾರಿನ ಬಾಗಿಲಿಗೆ ಸಿಕ್ಕಿ ಎರಡು ಬೆರಳು ಹೋಗಿವೆ. ನನ್ನನ್ನು ಕೂದಲಿನಿಂದ ಕಾಲಿನವರೆಗೆ ನೋಡಿದವರೇ ಕೈಯನ್ನು ಚೀಲದ ಹಿಂದೆ ಬಚ್ಚಿಟ್ಟರು. ಇಲ್ಲಿಯವರು ಯಾರೂ ಇಲ್ಲವೇ ಎಂದು ಕೇಳಿದರು. ನಾನು ಇಲ್ಲಿಯವಳೇ ಎಂದೆ. ಇಲ್ಲೇ ಹುಟ್ಟಿದವರು ಬೇಕು ಎಂದರು. ನಾನೂ ಇಲ್ಲೇ ಹುಟ್ಟಿದ್ದು ಎಂದೆ. 'ಹಾಗಲ್ಲಮ್ಮ, ನಿಮ್ಮ ಅಪ್ಪ ಅಮ್ಮ ಎಲ್ಲಿಯವರು?' ಅಪ್ಪನ ವಿಷಯ ಹೇಳಲು ನನಗೇನೂ ಅಡ್ಡಿಯಿರಲಿಲ್ಲ. ಗಂಟಲಲ್ಲಿ ಸಿಕ್ಕಿಕೊಂಡದ್ದು ನೀನು. ಯಜಮಾನರು ಅವರನ್ನು ನನ್ನ ಜೊತೆಯ ಕೆಲಸಗಾರನಿಗೆ ಒಪ್ಪಿಸಿದರು.

ಈಗ ಮುಖ್ಯ ವಿಷಯ. ಸೆಪ್ಟೆಂಬರ್ ಮೂವತ್ತರೊಳಗೆ ಫಾರಂ ತುಂಬಿಕೊಟ್ಟರೆ ನನ್ನ ಕೆಲಸ ಕಾಯಂ ಆಗುತ್ತದೆ. ಅದರಲ್ಲಿ ತಂದೆ ತಾಯಿಯ ಕಾಲಂ ಇದೆ. ನನ್ನ ಜನನ ಪತ್ರ ಬಂದರಿನ ಮನೆ ಬಿಡುವಾಗ ಕಳೆದುಹೋಯಿತೆಂದು ನೀನು ಹೇಳುತ್ತೀಯ. ಶಾಲೆಯ ದಾಖಲೆಯಲ್ಲಿ ನೀನು ಬರೀ 'ಪೋಷಕಿ'. ಗುಮಾಸ್ತರು ಎರಡು ದಾರಿ ಹೇಳಿದರು. ಇವಳು ನಾನು ಹೆತ್ತ ಮಗಳು ಎಂದು ನೀನು ಪ್ರಮಾಣ ಪತ್ರ ಬರೆದು, ನಿನ್ನನ್ನು ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಬಲ್ಲ ಇಬ್ಬರು ನೆರೆಯವರ ಸಹಿ ಹಾಕಿಸಿ ಕೊಡಬೇಕು. ಇಲ್ಲದಿದ್ದರೆ 'ಅನಾಥೆ' ಎಂಬ ಚೌಕದಲ್ಲಿ ಗುರುತು ಹಾಕಿಬಿಡಿ, ಕೆಲಸ ಬೇಗ ಆಗುತ್ತೆ ಎಂದರು.

ನಾನು ಆ ಚೌಕ ಮುಟ್ಟುವುದಿಲ್ಲ. ನಿನ್ನ ಕಾಗದಕ್ಕೆ ಕಾಯುತ್ತೇನೆ.

ನಿನ್ನ
ಹನ್ನೊಂದೂವರೆ


ಏಪ್ರಿಲ್ 29

ಪುಟ್ಟೀ,

ನಿನ್ನ ಕಾಗದ ತಲುಪಿತು. ಬಟ್ಟೆ ಕತ್ತರಿಸುವ ಮೇಜಿನ ಮರೆಯಲ್ಲಿ ನಿಂತು ಓದಿ, ಸಣ್ಣಗೆ ಹರಿದು, ಚಿಂದಿ ಚೀಲಕ್ಕೆ ಹಾಕಿದೆ. ತಪ್ಪು ತಿಳಿಯಬೇಡ. ಇಲ್ಲಿ ಮೂವತ್ತು ಜನ ಹೊಲಿಯುತ್ತೇವೆ, ಅಂದರೆ ಅರವತ್ತು ಕಣ್ಣು.

ಮುಂದಿನ ಕೋಣೆ ಸಿಕ್ಕಿದ್ದು ಕೇಳಿ ತುಂಬಾ ಸಂತೋಷವಾಯಿತು. ಜನರ ಕಣ್ಣಿಗೆ ಬೀಳುವ ಕೆಲಸ, ಅಚ್ಚುಕಟ್ಟಾಗಿರು. ಕೂದಲನ್ನು ಒದ್ದೆಯಿರುವಾಗಲೇ ಬಾಚಿಕೋ. ಒಣಗಿದ ಮೇಲೆ ಬಾಚಿದರೆ ನಿನ್ನ ಗುಂಗುರು ಕಿತ್ತುಬರುತ್ತದೆಂದು ಎಷ್ಟು ಸಲ ಹೇಳಿದ್ದೇನೆ. ಆ ಟೀಚರ್ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ತಲೆ ತಗ್ಗಿಸಿಕೊಂಡು ಕೆಲಸ ಮಾಡಿದರೆ ಯಾರೂ ಏನೂ ಕೇಳುವುದಿಲ್ಲ.

ಫಾರಂ ವಿಷಯದಲ್ಲಿ ಗುಮಾಸ್ತರು ಸುಲಭದ ದಾರಿಯನ್ನೇ ತೋರಿಸಿದ್ದಾರೆ. ಅನಾಥೆ ಎಂದು ಬರೆದುಬಿಡು. ಬರೆದ ಮಾತ್ರಕ್ಕೆ ಆಗಿಬಿಡುತ್ತೀಯಾ? ಅದು ಬರೀ ಕಾಗದದ ಮಾತು. ಈ ಮನೆಯಲ್ಲಿ ನಾನು ಹತ್ತೊಂಬತ್ತು ವರ್ಷ ಮರ್ಯಾದೆಯಿಂದ ಬಾಳಿದ್ದೇನೆ. ಇಲ್ಲಿಯ ಇಬ್ಬರ ಸಹಿ ಬೇಕೆಂದರೆ ಅವರ ಮುಂದೆ ನಿಂತು ಏನೆಂದು ಹೇಳಲಿ? ನನ್ನಿಂದಾಗದು. ಈ ವಿಷಯವನ್ನು ಇಲ್ಲಿಗೇ ಬಿಡು.

ಬಿಡುವಾದಾಗ ಮೊದಲಿನ ಹಾಗೆ ಮನೆಯ ವಿಳಾಸಕ್ಕೇ ಬರಿ. ಎರಡು ವಾರದಿಂದ ನಿನ್ನ ಕಾಗದ ಬಂದಿಲ್ಲವೆಂದು ಮನೆಯೊಡತಿ ಕೇಳುತ್ತಿದ್ದರು.

ಇಂತಿ,
ಚಿಕ್ಕಮ್ಮ


ಮೇ 6

ಅಮ್ಮಾ,

ಯಾರೂ ಓದದ ಕಾಗದದಲ್ಲೂ ನೀನು ಚಿಕ್ಕಮ್ಮ ಎಂದು ಸಹಿ ಹಾಕಿದ್ದೀಯ. ಅದನ್ನು ನೋಡಿ ನನ್ನ ಮೈಯೆಲ್ಲ ಉರಿದುಹೋಯಿತು.

ತಲೆ ತಗ್ಗಿಸಿದರೆ ಯಾರೂ ಕೇಳುವುದಿಲ್ಲ ಎಂದು ಬರೆದಿದ್ದೀಯ. ನಾನು ತಲೆ ತಗ್ಗಿಸಿದರೆ ಮೊದಲು ಕಾಣುವುದೇ ಈ ಕೂದಲು! ಬಸ್ಸಿನಲ್ಲಿ ಹಿಂದೆ ಕೂತವರು ಕೇಳದೆ ಮುಟ್ಟಿ ನೋಡುತ್ತಾರೆ, ಸ್ಪಂಜಿನ ಹಾಗಿದೆಯಾ ಎಂದು ತಮ್ಮ ತಮ್ಮಲ್ಲೇ ವಿಚಾರಿಸಿಕೊಳ್ಳುತ್ತಾರೆ. ಹೋದ ವಾರ ಒಬ್ಬ ಗಿರಾಕಿ ಅರ್ಧ ಗಂಟೆ ನನ್ನ ಜೊತೆ ಮಾತಾಡಿ, ಕೊನೆಗೆ ಬಹಳ ಮೆಚ್ಚಿಕೊಂಡು, ನಮ್ಮ ಭಾಷೆ ಎಷ್ಟು ಚೆನ್ನಾಗಿ ಕಲಿತಿದ್ದೀರಿ ಎಂದರು. ನಿಮ್ಮದೂ ಪರವಾಗಿಲ್ಲ ಎಂದೆ. ಪಕ್ಕದಲ್ಲಿದ್ದ ಯಜಮಾನರಿಗೆ ಕೆಮ್ಮು ಹತ್ತಿಕೊಂಡಿತು.

ಇವರನ್ನೆಲ್ಲ ನಾನು ತಡೆದುಕೊಳ್ಳಬಲ್ಲೆ ಅಮ್ಮ. ಅವರು ಹೊರಗಿನವರು. ನೋಡಿದರು, ಕೇಳಿದರು, ಹೋದರು. ಆದರೆ ನನ್ನ ಮುಖ ನೋಡಿ ಇದು ನನ್ನದಲ್ಲ ಎಂದು ಮೊದಲು ಹೇಳಿದವಳು ನೀನು. ಆ ಚೌಕದಲ್ಲಿ ನಾನು ಗುರುತು ಹಾಕಿದರೆ ನೀನು ಹೇಳಿದ ಸುಳ್ಳಿಗೆ ನಾನೂ ಸಹಿ ಹಾಕಿದಂತೆ. ಸಾಯುವವರೆಗೂ ಅದು ಸರಕಾರದ ಕಡತದಲ್ಲಿರುತ್ತದೆ. ನೀನು ಬದುಕಿದ್ದೀಯ, ದಿನಾ ಎದ್ದು ಕತ್ತರಿ ಹಿಡಿದು ಮಕ್ಕಳ ಅಂಗಿ ಕತ್ತರಿಸುತ್ತೀಯ, ನಾನು ಅನಾಥೆಯೇ?

ಜುಲೈ ಒಂದರವರೆಗೆ ಸಮಯ ಕೊಡುತ್ತೇನೆ. ಅಷ್ಟರಲ್ಲಿ ನೀನೇ ಹೇಳಿದರೆ ಸರಿ. ಇಲ್ಲದಿದ್ದರೆ ಮನೆಯ ವಿಳಾಸಕ್ಕೇ ಒಂದು ಕಾಗದ ಹಾಕುತ್ತೇನೆ. ಲಕೋಟೆಯ ಹಿಂದೆ, ಕಳಿಸಿದವರು ಎಂಬಲ್ಲಿ, 'ನಿನ್ನ ಮಗಳು' ಎಂದು ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ. ಗೋಂದಮ್ಮ ಗೋಂದು ಬಿಡಿಸುವ ಕಷ್ಟವನ್ನೂ ಪಡಬೇಕಾಗಿಲ್ಲ.

ನಿನ್ನ ಮಗಳು


ಜೂನ್ 20

ಪುಟ್ಟೀ,

ನಿನ್ನ ಕಾಗದ ಬಂದು ಆರು ವಾರವಾಯಿತು. ಮೊದಲನೇ ವಾರ ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ ನಲವತ್ತು ಅಂಗಿಗಳ ತೋಳನ್ನು ಒಂದಳತೆ ಚಿಕ್ಕದಾಗಿ ಕತ್ತರಿಸಿಬಿಟ್ಟೆ. ಹೆತ್ತ ತಾಯಿಗೇ ಗಡುವು ಕೊಡುತ್ತೀಯಾ? ಆಮೇಲೆ ಸಿಟ್ಟು ಇಳಿಯಿತು, ಬೇರೇನೋ ಉಳಿಯಿತು. ಅದನ್ನು ಬರೆಯುತ್ತೇನೆ. ಹರಿಯಬೇಡ.

ನಿನ್ನಪ್ಪ ಬಂದರಿನಲ್ಲಿ ಕ್ರೇನ್ ಮೆಕ್ಯಾನಿಕ್ ಆಗಿದ್ದರೆಂದು ನಿನಗೆ ಗೊತ್ತು. ದೂರದ ದೇಶದಿಂದ ಹಡಗಿನ ಕಂಪನಿಯ ಜೊತೆ ಬಂದವರು. ನಮ್ಮ ಭಾಷೆಯನ್ನು ಯಾವುದೋ ಪುಸ್ತಕ ಇಟ್ಟುಕೊಂಡು ಕಲಿತಿದ್ದರು. ಆ ಪುಸ್ತಕದಲ್ಲಿ ಬರೀ ಮರ್ಯಾದೆಯ ಮಾತು ಇತ್ತೋ ಏನೋ, ಬೆಕ್ಕಿಗೂ 'ತಾವು ಒಳಗೆ ಬನ್ನಿ' ಎನ್ನುತ್ತಿದ್ದರು. ತೊಟ್ಟಿಲಿನಲ್ಲಿದ್ದ ನಿನಗೂ 'ತಾವು ಯಾಕೆ ಅಳುತ್ತಿದ್ದೀರಿ?' ಎನ್ನುತ್ತಿದ್ದರು. ನೋಂದಣಿ ಕಚೇರಿಯಲ್ಲಿ ನಮ್ಮ ಮದುವೆಯಾಯಿತು. ನಾನು ಯಾವತ್ತೂ ನಾಚಿಕೆಪಡುವಂಥ ಸಂಸಾರ ಮಾಡಲಿಲ್ಲ. ಇದನ್ನು ಮೊದಲು ತಿಳಿದುಕೋ.

ಕ್ರೇನಿನ ಸರಪಳಿ ತುಂಡಾಗಿ ಅವರು ಹೋದಾಗ ನಿನಗೆ ಎರಡು ತುಂಬಿರಲಿಲ್ಲ. ಮಗುವನ್ನು ಎಲ್ಲಾದರೂ ಬಿಟ್ಟು ಬರುವುದಾದರೆ ಬಾ ಎಂದು ನನ್ನ ತವರಿನವರು ಹೇಳಿ ಕಳಿಸಿದರು. ನಿನ್ನನ್ನು ಎತ್ತಿಕೊಂಡು ಈ ಊರಿಗೆ ಬಂದೆ. ಒಂದೇ ದಿನ ನಾಲ್ಕು ಮನೆ ನೋಡಿದೆ. ಮೂರು ಕಡೆ ನನ್ನನ್ನು ನೋಡಿ ಕೋಣೆ ಇದೆ ಎಂದರು, ನಿನ್ನನ್ನು ನೋಡಿ ಇಲ್ಲ ಎಂದರು. ನಾಲ್ಕನೆಯದು ಈ ಮನೆ. ಮೆಟ್ಟಿಲ ಮೇಲೆ ಕೂತಿದ್ದ ಮನೆಯೊಡತಿ ನಿನ್ನನ್ನು ನೋಡಿ, 'ಯಾರ ಮಗು ಇದು? ಕೆಲಸದ ಮನೆಯವರದಾ?' ಎಂದರು. ನಾನು ಬಾಯಿ ಬಿಡಲಿಲ್ಲ. ತಲೆ ಮಾತ್ರ ಅಲ್ಲಾಡಿತು. ಹೌದು ಎಂದು. ನೀನು ಹೆಗಲ ಮೇಲೆ ನಿದ್ದೆ ಮಾಡುತ್ತಿದ್ದೆ, ನನ್ನ ತೋಳು ಮರಗಟ್ಟಿತ್ತು. ಹಡಗಿನವರ ಮಗು, ನೋಡಿಕೊಳ್ಳಲು ಬಿಟ್ಟುಹೋಗಿದ್ದಾರೆ ಎಂದು ಉಳಿದ ಕಥೆಯನ್ನು ಅವರೇ ಕಟ್ಟಿದರು. ನಾನು ಅದನ್ನು ಹತ್ತೊಂಬತ್ತು ವರ್ಷ ಸಾಕಿದೆ.

ನಿನ್ನ ಜನನ ಪತ್ರ ಕಳೆಯಲಿಲ್ಲ. ನಾನು ಕೆಲಸಕ್ಕೆ ಹೋದಾಗ ಅವರು ನನ್ನ ಪೆಟ್ಟಿಗೆ ತೆಗೆದು ನೋಡುತ್ತಾರೆಂದು ಗೊತ್ತಾದ ದಿನ ನಾನೇ ಅದನ್ನು ಒಲೆಗೆ ಹಾಕಿದೆ.

ಇನ್ನೂ ಒಂದಿದೆ. ಒಂಬತ್ತನೇ ವಯಸ್ಸಿನಲ್ಲಿ ನಿನಗೆ ಟೈಫಾಯ್ಡ್ ಆಗಿತ್ತು, ನೆನಪಿದೆಯೋ ಇಲ್ಲವೋ. ಆಸ್ಪತ್ರೆಯಲ್ಲಿ ಮೂರು ದಿನ ಜ್ವರದ ಅಮಲಿನಲ್ಲಿ ಬಡಬಡಿಸುತ್ತಿದ್ದೆ. ಮೈಮೇಲೆ ಎಚ್ಚರವಿರಲಿಲ್ಲ. ಅಷ್ಟರಲ್ಲೂ ನಿನ್ನ ಬಾಯಲ್ಲಿ ಬರುತ್ತಿದ್ದದ್ದು 'ಚಿಕ್ಕಮ್ಮಾ, ಚಿಕ್ಕಮ್ಮಾ'. ಒಂದು ಸಲವೂ ಬಾಯಿ ತಪ್ಪಲಿಲ್ಲ. ಪಾಪ, ಇದರ ತಾಯಿ ಎಲ್ಲಿ ಎಂದು ನರ್ಸ್ ನನ್ನನ್ನೇ ಕೇಳಿದಳು. ದೂರದಲ್ಲಿದ್ದಾರೆ ಎಂದೆ. ಪುಟ್ಟೀ, ಆ ಗಳಿಗೆಯಲ್ಲಿ ನನಗೆ ಹೆಮ್ಮೆಯಾಯಿತು. ಎಷ್ಟು ಚೆನ್ನಾಗಿ ಕಲಿತಿದ್ದಾಳೆ ನನ್ನ ಮಗಳು ಎಂದು ಹೆಮ್ಮೆ. ಆಮೇಲೆ ಕಾರಿಡಾರಿಗೆ ಹೋಗಿ ಗೋಡೆಗೆ ತಲೆ ಚಚ್ಚಿಕೊಂಡೆ.

ನನಗೆ ಹೆದರಿಕೆ. ಈ ವಯಸ್ಸಿನಲ್ಲಿ ಮತ್ತೆ ನಾಲ್ಕು ಬಾಗಿಲು ತಟ್ಟಬೇಕಲ್ಲ ಎಂಬ ಹೆದರಿಕೆ. ಇದಕ್ಕಿಂತ ದೊಡ್ಡ ಕಾರಣ ಇಲ್ಲ. ನೀನು ಮನೆಗೆ ಕಾಗದ ಹಾಕುವುದಾದರೆ ಹಾಕು.

(ಯಾವ ಸಹಿ ಹಾಕಲೆಂದು ತೋಚುತ್ತಿಲ್ಲ.)


ಜೂನ್ 27

ಅಮ್ಮಾ,

ಲಕೋಟೆಯ ಮಾತು ವಾಪಸ್ಸು ತೆಗೆದುಕೊಂಡಿದ್ದೇನೆ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ನಿನ್ನ ಕಾಗದ ಓದಿದೆ, ಎರಡು ಬಸ್ಸು ತಪ್ಪಿದವು. ಜ್ವರದ್ದು ನನಗೆ ನೆನಪಿಲ್ಲ. ಕಿತ್ತಳೆ ಬಣ್ಣದ ಕಂಬಳಿಯೊಂದು ನೆನಪಿದೆ, ಅಷ್ಟೇ. ನಿನ್ನ ಬಾಯಿಂದ ಬರಬೇಕಾದ ಮಾತನ್ನು ಗೋಂದಮ್ಮನ ಕೈಯಲ್ಲಿ ಒಡೆಸಲು ಹೊರಟಿದ್ದು ನನ್ನ ತಪ್ಪು. ಹೇಳುವುದು ಬಿಡುವುದು ನಿನಗೆ ಸೇರಿದ್ದು.

ಆದರೆ ನನ್ನದನ್ನು ನಾನು ಬಿಡುವುದಿಲ್ಲ. ಇವತ್ತು ಗುಮಾಸ್ತರ ಹತ್ತಿರ ಹೋಗಿ, ಪ್ರಮಾಣ ಪತ್ರ ಬರದಿದ್ದರೆ ಕಾಯಂ ಮಾಡುವುದು ಬೇಡ, ದಿನಗೂಲಿಯಲ್ಲೇ ಮುಂದುವರಿಸಿ ಎಂದು ಹೇಳಿ ಬಂದೆ. ಒಂದು ಗುರುತಿಗೆ ಇಷ್ಟು ಹಟವಾ ಎಂದರು. ನಿಮ್ಮ ತಾಯಿ ಇದ್ದಾರಾ ಎಂದು ಕೇಳಿದೆ. ಇದ್ದಾರೆ, ಊರಲ್ಲಿದ್ದಾರೆ ಎಂದರು. ಹಾಗಾದರೆ ಆ ಚೌಕದಲ್ಲಿ ನೀವು ಒಂದು ಗುರುತು ಹಾಕಿ ತೋರಿಸಿ ಎಂದೆ. ಪೆನ್ನಿನ ಕ್ಯಾಪು ಮುಚ್ಚಿಬಿಟ್ಟರು.

ಆ ಟೀಚರ್ ಮತ್ತೆ ಬಂದಿದ್ದರು. ನನ್ನ ಜೊತೆಯವನು ಅವಸರದಲ್ಲಿ ಟ್ಯೂಬ್‌ಲೈಟಿನ ಕೆಳಗೆ ಬಣ್ಣ ಹೊಂದಿಸಿದ್ದ. ಬಿಸಿಲಿಗೆ ಹೋದರೆ ಬೆರಳು ಮೇಣದಂತೆ ಬೇರೆಯಾಗಿ ಕಾಣುತ್ತಿತ್ತು. ಎಲ್ಲರೂ ಕೇಳುತ್ತಾರೆ ಎಂದು ಅವರು ಅಳುವಂತಾಗಿದ್ದರು. ಒಂದು ಕ್ಷಣ, ಚೆನ್ನಾಗಾಯಿತು ಎನಿಸಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಕಿಟಕಿಯ ಹತ್ತಿರ ಕುರ್ಚಿ ಎಳೆದು, ಕೂತ್ಕೊಳ್ಳಿ ಎಂದೆ. ಬಹಳ ಹೊತ್ತು ನಿಂತೇ ಇದ್ದರು. ಕೊನೆಗೆ ಕೂತು, ತಾವಾಗಿಯೇ ಕೈ ಚಾಚಿದರು. ಎರಡು ಗಂಟೆ ಆ ಕೈ ನನ್ನ ಕೈಯಲ್ಲಿತ್ತು. ಹೋಗುವಾಗ ಥ್ಯಾಂಕ್ಸ್ ಹೇಳಲಿಲ್ಲ. ಉಗುರಿಗೆ ಬಣ್ಣ ಹಚ್ಚಬಹುದಾ ಎಂದು ಮಾತ್ರ ಕೇಳಿದರು. ಹಚ್ಚಬಹುದು ಎಂದೆ.

ಮೂರು ಬಾಗಿಲಲ್ಲಿ ಇಲ್ಲ ಎನಿಸಿಕೊಂಡೂ ನನ್ನನ್ನು ಎಲ್ಲೂ ಬಿಟ್ಟು ಹೋಗದಿದ್ದವಳು ನೀನು. ಅದನ್ನು ನಾನು ಮರೆಯುವುದಿಲ್ಲ. ಇನ್ನೊಂದು ಸಲ ಬಾಗಿಲು ತಟ್ಟಬೇಕಾಗಿ ಬಂದರೆ ಒಬ್ಬಳೇ ತಟ್ಟಬೇಡ, ನಾನು ಬರುತ್ತೇನೆ.

ನಿನ್ನ ಮಗಳು


ಸೆಪ್ಟೆಂಬರ್ 14

ಮಗಳೇ,

ಹೇಳಿದೆ.

ಮನೆಯೊಡತಿಯನ್ನು ಒಬ್ಬರೇ ಇರುವಾಗ ಕೂರಿಸಿ, ಮೆಲ್ಲಗೆ ಹೇಳಬೇಕೆಂದು ಎರಡು ತಿಂಗಳಿಂದ ಮಾತು ಹೊಂದಿಸುತ್ತಿದ್ದೆ. ಹೊಂದಿಸಿದ ಮಾತು ಒಂದೂ ಉಪಯೋಗಕ್ಕೆ ಬರಲಿಲ್ಲ. ಆಗಸ್ಟ್ ಕೊನೆಯ ಭಾನುವಾರ ಬೆಳಿಗ್ಗೆ ಅಂಗಳದ ನಲ್ಲಿಯ ಹತ್ತಿರ ಏಳೆಂಟು ಜನ ಬಕೆಟ್ ಇಟ್ಟುಕೊಂಡು ನಿಂತಿದ್ದೆವು. ಇವರು ಎಂದಿನಂತೆ ಮೆಟ್ಟಿಲ ಮೇಲೆ ಕೂತು ಎಲ್ಲರನ್ನೂ ವಿಚಾರಿಸಿಕೊಳ್ಳುತ್ತಿದ್ದರು. ನನ್ನ ಸರದಿ ಬಂತು. ನಿನ್ನ ಸುದ್ದಿ ಎತ್ತಿದರು. ಆ ಕರಿ ಹುಡುಗಿಯ ಜನ ಇಷ್ಟು ವರ್ಷವಾದರೂ ಒಂದು ಸಲ ತಿರುಗಿ ನೋಡಲಿಲ್ಲವಲ್ಲ, ಎಂಥ ಜನ ಇರಬೇಕು, ಹೆತ್ತವಳಿಗೆ ಕರುಳು ಅನ್ನೋದು ಇದೆಯಾ ಎಂದು ಎಲ್ಲರಿಗೂ ಕೇಳುವಂತೆ ಅಂದರು.

ನನ್ನ ಬಕೆಟ್ ತುಂಬಿ ಹರಿಯುತ್ತಿತ್ತು. ನಲ್ಲಿ ನಿಲ್ಲಿಸಿದೆ.

'ಅವಳ ಜನ ನಾನೇ. ನಾನೇ ಹೆತ್ತಿದ್ದು' ಎಂದೆ.

ಇವರು ಮೊದಲು ನಕ್ಕರು, ತಮಾಷೆ ಎಂದುಕೊಂಡು. ನಾನು ನಗಲಿಲ್ಲ. ಆಮೇಲೆ ನಿನ್ನಪ್ಪನ ವಿಷಯ, ಸರಪಳಿಯ ವಿಷಯ, ಅವತ್ತು ತಲೆ ಅಲ್ಲಾಡಿಸಿದ ವಿಷಯ ಎಲ್ಲ ಹೇಳಿದೆ. ಧ್ವನಿ ಗಟ್ಟಿಯಾಗಿತ್ತು, ಅದು ಹೇಗೋ ನನಗೇ ಗೊತ್ತಿಲ್ಲ. ಹತ್ತೊಂಬತ್ತು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದೆಯಲ್ಲ, ಸುಳ್ಳು ಹೇಳುವವರಿಗೆ ನನ್ನ ಮನೆಯಲ್ಲಿ ಜಾಗವಿಲ್ಲ ಎಂದರು. ನಿಜ ಹೇಳಿದ್ದರೆ ಅವತ್ತು ಕೋಣೆ ಕೊಡ್ತಿದ್ರಾ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, 'ಇಲ್ಲ' ಎಂದರು. ಅಷ್ಟು ನೇರವಾಗಿ ಹೇಳಿದ್ದಕ್ಕೆ ನನಗೆ ಅವರ ಮೇಲೆ ಸಿಟ್ಟೂ ಬರಲಿಲ್ಲ.

ತಿಂಗಳ ಕೊನೆಗೆ ಖಾಲಿ ಮಾಡಬೇಕು. ಅಂಗಳದಲ್ಲಿ ಇಬ್ಬರು ಹೆಂಗಸರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಒಬ್ಬಳು ಮಾತ್ರ ಮೊದಲಿಗಿಂತ ಹೆಚ್ಚು ಮಾತಾಡುತ್ತಾಳೆ, ಅವಳಿಗೆ ನಿನ್ನಪ್ಪ ನೋಡಲು ಹೇಗಿದ್ದರೆಂದು ತಿಳಿಯಬೇಕು. ಪೆಟ್ಟಿಗೆಯ ತಳದಿಂದ ಫೋಟೋ ತೆಗೆದು ತೋರಿಸಿದೆ. ಈಗ ಅದು ಗೋಡೆಯ ಮೇಲಿದೆ. ಇನ್ನು ಹದಿನಾರು ದಿನಕ್ಕೆ ಮೊಳೆ ಯಾಕೆ ಎಂದುಕೊಂಡೆ, ಆದರೂ ಹೊಡೆದೆ.

ಸಾಕ್ಷಿ ಸಹಿಯ ವಿಷಯ. ಕೆಳಗಿನ ಇಸ್ತ್ರಿ ಅಂಗಡಿಯವರು ಕೇಳಿದ ಕೂಡಲೇ ಕೈ ಒರೆಸಿಕೊಂಡು ಹಾಕಿಕೊಟ್ಟರು. ಎರಡನೆಯದಕ್ಕೆ ಹತ್ತು ದಿನ ಅಲೆದೆ. ಎಲ್ಲರಿಗೂ ಏನೋ ಒಂದು ಕೆಲಸ, ಯಾರಿಗೋ ಹುಷಾರಿಲ್ಲ. ನಿನ್ನೆ ಸಂಜೆ ನಮ್ಮ ಗೋಂದಮ್ಮ ತಾವೇ ಬಾಗಿಲಿಗೆ ಬಂದರು. (ನೀನಿಟ್ಟ ಹೆಸರು ನನಗೂ ಅಂಟಿಕೊಂಡಿದೆ.) ಒಳಗೆ ಬರಲಿಲ್ಲ. ಆ ಕಾಗದ ಎಲ್ಲಿ, ತಾ ಎಂದರು. ಕೊಟ್ಟೆ. ಕನ್ನಡಕ ಹಾಕಿ ಪೂರ್ತಿ ಓದಿ, ಬಾಗಿಲಿಗೆ ಒತ್ತಿಕೊಂಡು ಸಹಿ ಹಾಕಿದರು.

'ಆ ಗುಂಗುರು ತಲೇನ ದಿನಾ ಮುಕ್ಕಾಲು ಗಂಟೆ ಕೂತು ಬಾಚ್ತಿದ್ದೆ. ಸಂಬಳಕ್ಕೆ ಯಾರು ಹಾಗೆ ಬಾಚ್ತಾರೆ? ನೋಡಿದ್ದನ್ನ ನೋಡಿಲ್ಲ ಅನ್ನೋಕೆ ನಾನೇನು ನಿನ್ನಂಥ ಸುಳ್ಳುಬುರುಕಿನಾ?' ಎಂದರು. ಇಳಿಯುವಾಗ ಮೆಟ್ಟಿಲಿನಿಂದಲೇ, ಮೂವತ್ತಕ್ಕೆ ಬೀಗದ ಕೈ ಕೊಡೋದು ಮರೀಬೇಡ ಎಂದು ಕೂಗಿದರು.

ಕಾಗದ ಅಂಚೆಯಲ್ಲಿ ಕಳಿಸುವುದಿಲ್ಲ. ನಾನೇ ತರುತ್ತೇನೆ. ಇಪ್ಪತ್ತೆಂಟಕ್ಕೆ ರಜೆ ಹಾಕಿದ್ದೇನೆ. ನಿನ್ನ ಕಾರ್ಖಾನೆಯ ಮುಂಬಾಗಿಲಿನಿಂದಲೇ ಬರುತ್ತೇನೆ.

ನಿನ್ನ
ಅಮ್ಮ


ಅಕ್ಟೋಬರ್ 4

ಅಮ್ಮಾ,

ಹೊಸ ಕೋಣೆಯ ವಿಳಾಸಕ್ಕೆ ಇದು ಮೊದಲ ಕಾಗದ. ಪೆಟ್ಟಿಗೆ ಹೊತ್ತು ನಾವಿಬ್ಬರೂ ಹತ್ತಿದ ಆ ಮೂರು ಮಹಡಿಯಿಂದ ನನ್ನ ಬೆನ್ನು ಇನ್ನೂ ನೋಯುತ್ತಿದೆ. ಐದು ಬಾಗಿಲು ತಟ್ಟಿದೆವಲ್ಲ, ಹಳೆಯ ಲೆಕ್ಕಕ್ಕಿಂತ ಒಂದು ಹೆಚ್ಚು. ಐದೂ ಕಡೆ ನೀನು ಕೋಣೆ ಇದೆಯಾ ಎಂದು ಕೇಳುವ ಮೊದಲೇ 'ಇವಳು ನನ್ನ ಮಗಳು' ಎಂದೆ. ನಾಲ್ಕನೆಯವರು ಪೂರ್ತಿ ಕೇಳುವ ಮೊದಲೇ ಬಾಗಿಲು ಹಾಕಿಕೊಂಡಾಗ ನೀನು ಆ ಬಾಗಿಲಿಗೂ ಇನ್ನೊಂದು ಸಲ ಹೇಳಿ ಬಂದೆ.

ಇಪ್ಪತ್ತೆಂಟರ ವಿಷಯ ನಾವು ಮಾತಾಡಲೇ ಇಲ್ಲ. ಬಾಯಲ್ಲಿ ಆಗದ್ದನ್ನು ಬರೆಯುವುದು ನಮಗೆ ಅಭ್ಯಾಸ, ಹಾಗಾಗಿ ಬರೆಯುತ್ತೇನೆ.

ಅವತ್ತು ಬೆಳಿಗ್ಗೆಯಿಂದ ನಾನು ಬಾಗಿಲನ್ನೇ ನೋಡುತ್ತಿದ್ದೆ. ಹನ್ನೊಂದಕ್ಕೆ ನೀನು ಬಂದೆ, ಇಸ್ತ್ರಿ ಮಾಡಿದ ಬಟ್ಟೆ, ಎದೆಗೆ ಒತ್ತಿಕೊಂಡ ಲಕೋಟೆ. ಯಾರು ಬೇಕಾಗಿತ್ತು ಎಂದು ಗುಮಾಸ್ತರು ಕೇಳಿದರು. 'ನನ್ನ ಮಗಳು' ಎಂದೆ ನೀನು. ಬೆಂಚಿನ ಮೇಲೆ ಕಾಯುತ್ತಿದ್ದವರೆಲ್ಲ ನಿನ್ನನ್ನು ನೋಡಿ, ನನ್ನನ್ನು ನೋಡಿ, ಮತ್ತೆ ನಿನ್ನನ್ನು ನೋಡಿದರು. ಐದು ತಿಂಗಳು ಒಂದು ಮಾತಿಗಾಗಿ ನಿನ್ನ ಜೊತೆ ಜಗಳವಾಡಿದವಳು ನಾನು. ಓಡಿಬಂದು, ಅಷ್ಟು ಜನರ ಮುಂದೆ ಬಾಯಿ ತೆರೆದರೆ ಬಂದದ್ದು, 'ಚಿಕ್ಕಮ್ಮಾ, ಯಾವಾಗ ಬಂದ್ರಿ?'

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಗುಮಾಸ್ತರು ಹುಬ್ಬೇರಿಸಿ ಲಕೋಟೆಯ ಕಡೆ ನೋಡಿದರು. ನೀನು ಬೆಪ್ಪಾಗಲಿಲ್ಲ, ಕಣ್ಣೊರೆಸಿಕೊಳ್ಳಲಿಲ್ಲ. ಇಡೀ ಕೋಣೆಗೆ ಕೇಳುವಂತೆ, 'ಚಿಕ್ಕಮ್ಮ ಅಲ್ಲ ಕಣೇ, ಅಮ್ಮ. ನಾನೇ ತಪ್ಪು ಕಲಿಸಿದ್ದು. ಇನ್ನೊಂದ್ಸಲ ಕರಿ' ಎಂದೆ.

ನನ್ನ ನಾಲಿಗೆ ಹೊರಳಲಿಲ್ಲ ಅಮ್ಮ. ಕಾಗದದಲ್ಲಿ ಎಷ್ಟು ಸಲ ಬರೆದಿದ್ದೇನೆ, ಬಾಗಿಲಾಚೆ ನಿಂತು ಒಂದು ಸಲವೂ ಕರೆದಿರಲಿಲ್ಲ. ಹಿಂದಿನ ಕೋಣೆಗೆ ಓಡಿಹೋಗಿ ಅಚ್ಚುಗಳ ನಡುವೆ ಕೂತುಬಿಟ್ಟೆ. ನೀನು ಫಾರಂ ಕೊಟ್ಟು ಹೊರಟುಹೋಗುತ್ತೀಯ ಎಂದುಕೊಂಡಿದ್ದೆ. ಆಮೇಲೆ ಯಜಮಾನರು ಬಂದು ಹೇಳಿದರು, ನಿಮ್ಮ ತಾಯಿ ಬೆಂಚಿನ ಮೇಲೆ ಕೂತಿದ್ದಾರೆ, 'ನನಗೇನೂ ಅವಸರ ಇಲ್ಲ, ಅವಳು ಕರೆಯುವವರೆಗೂ ಕೂತಿರುತ್ತೇನೆ' ಎನ್ನುತ್ತಿದ್ದಾರೆ ಎಂದು. ಅವರು ಅಭ್ಯಾಸಬಲದಿಂದ ನಿನ್ನ ಕೈಗೂ ಬಿಲ್ಲೆ ಹಿಡಿದರಂತೆ. ನೀನು ಐದು. ನಿಮ್ಮ ಮಗಳು ಹನ್ನೊಂದೂವರೆ ಎಂದು ಅವರು ಸುಮ್ಮನೆ ಹೇಳಿದರೆ, ಉಳಿದ ಆರೂವರೆ ಅವಳಪ್ಪಂದು ಎಂದೆಯಂತೆ. ಅವರು ಇಡೀ ಕಾರ್ಖಾನೆಗೆ ಅದನ್ನು ಹೇಳಿಕೊಂಡು ಓಡಾಡುತ್ತಿದ್ದಾರೆ.

ಐದು ಗಂಟೆ ಕೂತಿದ್ದೆ ನೀನು. ಅಷ್ಟು ಹೊತ್ತೂ ನಾನು ಅಚ್ಚುಗಳ ಮುಂದೆ ಗುನುಗಿಕೊಂಡೆ, ಹೊಸ ಭಾಷೆ ಕಲಿಯುವವರ ಹಾಗೆ. ನಾಲ್ಕಕ್ಕೆ ಎದ್ದು ಬಂದು ಬಣ್ಣದ ಕೋಣೆಯ ಬಾಗಿಲಲ್ಲಿ ನಿಂತೆ. ಬೆಂಚು ತುಂಬಿತ್ತು. ಉಗುರಿಗೆ ಕೆಂಪು ಬಣ್ಣ ಹಚ್ಚಿಕೊಂಡು ಆ ಟೀಚರ್ ಕೂಡ ಒಂದು ತುದಿಯಲ್ಲಿ ಕೂತಿದ್ದರು. ನೀನು ಇನ್ನೊಂದು ತುದಿಯಲ್ಲಿ ಗೋಡೆಯ ಗಡಿಯಾರ ನೋಡುತ್ತಿದ್ದೆ. ಆಮೇಲೆ ಆದದ್ದು ನಿನಗೆ ಗೊತ್ತು, ಆದರೆ ನಾನು ನಿಂತಿದ್ದ ಕಡೆಯಿಂದ ಕಂಡದ್ದು ನಿನಗೆ ಗೊತ್ತಿಲ್ಲ. ಅದಕ್ಕೇ ಈ ಕಾಗದ.

ನಾನು ಅಮ್ಮಾ ಎಂದು ಕೂಗಿದೆ. ಬೆಂಚಿನ ಮೇಲಿದ್ದ ನಾಲ್ವರು ಹೆಂಗಸರು, ಟೀಚರ್ ಕೂಡ, ತಮ್ಮನ್ನೇ ಯಾರೋ ಕರೆದರೆಂದು ತಟ್ಟನೆ ತಿರುಗಿ ನೋಡಿದರು. ಎದ್ದು ನಿಂತವಳು ನೀನೊಬ್ಬಳೇ.

ನಿನ್ನ ಮಗಳು
(ಲಕೋಟೆಯ ಹಿಂದೆಯೂ ಇದನ್ನೇ ಬರೆದಿದ್ದೇನೆ, ದಪ್ಪ ಅಕ್ಷರದಲ್ಲಿ.)